ಹೇಂಟೆಯ ಗರಿ ಉದುರಿದರೆ, ಮೊಟ್ಟೆ ಕೈಯಲ್ಲೇ ಒಡೆದರೆ: ಎಂತಾಗಿದೆ ಎಂದು ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?

ಪುತ್ತೂರು: ಆಟಿ ತಿಂಗಳು ಶುರುವಾಗುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಯಂಗಳಗಳಲ್ಲಿ ಎರಡು ದೂರು ಮಾಮೂಲು. ಒಂದು, "ಹೇಂಟೆಯ ಗರಿ ಎಲ್ಲ ಉದುರಿ ಬೋಳು ಬೋಳಾಗಿದೆ." ಇನ್ನೊಂದು, "ಮೊಟ್ಟೆ ಹೆಕ್ಕುವಾಗಲೇ ಪುಸ್ಕ ಅಂತ ಒಡೆದು ಹೋಗ್ತದೆ." ಎರಡಕ್ಕೂ ಹೆಚ್ಚಿನವರು ಕೊಡುವ ಉತ್ತರವೂ ಮಾಮೂಲು. ಕೆಲವರು "ಇದಕ್ಕೆ ಸೀಕು ಬಡಿದಿದೆ" ಎಂದು ಕೋಳಿಯನ್ನೇ ಪದಾರ್ಥ ಮಾಡಿಬಿಡುತ್ತಾರೆ. ಇನ್ನು ಕೆಲವರು ತೋಟಕ್ಕೆ ತಂದಿಟ್ಟ ಕೀಟನಾಶಕವನ್ನು ನಾಲ್ಕು ಹನಿ ನೀರಿಗೆ ಹಾಕಿ ಕೋಳಿ ಮೈಗೆ ಚಿಮುಕಿಸುತ್ತಾರೆ.

ಎರಡೂ ನಷ್ಟದ ಬಾಬ್ತು. ಗರಿ ಉದುರಿಸಿಕೊಂಡ ಹೇಂಟೆ ಎಷ್ಟೋ ಸಲ ಆರೋಗ್ಯವಾಗಿಯೇ ಇರುತ್ತದೆ, ಎರಡು ಮೂರು ತಿಂಗಳಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಕೀಟನಾಶಕ ಹೊಡೆದರೆ ಕೋಳಿ ಸಾಯಬಹುದು. ಬದುಕಿದರೂ ಅದರ ಅಂಶ ಮೊಟ್ಟೆಯ ಮೂಲಕ ಮನೆಯ ಮಕ್ಕಳ ಹೊಟ್ಟೆಗೆ, ಮಾರಿದರೆ ಪೇಟೆಯ ಗಿರಾಕಿಯ ಹೊಟ್ಟೆಗೆ ಸೇರಬಹುದು. ಆದ್ದರಿಂದ ಮದ್ದಿಗೆ ಮುಂಚೆ ಕಾರಣ ಗೊತ್ತಾಗಬೇಕು. ಅದಕ್ಕೆ ಲ್ಯಾಬ್ ಬೇಡ. ಒಂದು ಟಾರ್ಚ್, ಒಂದು ಬಿಳಿ ಬಟ್ಟೆ, ಸ್ವಲ್ಪ ತಾಳ್ಮೆ ಇದ್ದರೆ ಬಹುಪಾಲು ಕಾರಣಗಳು ಮನೆಯಲ್ಲೇ ಗೊತ್ತಾಗುತ್ತವೆ.

ಮೊದಲ ಪ್ರಶ್ನೆ: ಮೊಟ್ಟೆ ನಿಂತಿದೆಯೇ, ಇಡುತ್ತಾ ಇದೆಯೇ?

ಗರಿ ಉದುರುವ ಕೋಳಿಯ ವಿಷಯದಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ. ಒಂದು ವರ್ಷ ದಾಟಿದ ಹೇಂಟೆ ವರ್ಷಕ್ಕೊಮ್ಮೆ ಹಳೆ ಗರಿ ಕಳಚಿ ಹೊಸ ಗರಿ ಹಾಕಿಕೊಳ್ಳುತ್ತದೆ. ಹಾವು ಪೊರೆ ಬಿಟ್ಟ ಹಾಗೆ ಇದೂ ಸಹಜ ಕ್ರಿಯೆ. ಜೂನ್ 21ರ ನಂತರ ಹಗಲು ಕುಗ್ಗುತ್ತಾ ಹೋಗುವುದು ಕೋಳಿಗೆ ಇದರ ಸೂಚನೆ. ನಮ್ಮೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಎಲ್ಲ ಕೋಳಿಗಳೂ ಒಂದೇ ಸಲ ಗರಿ ಬಿಡುವುದಿಲ್ಲ. ಒಂದು ಆಟಿಯಲ್ಲಿ ಬಿಟ್ಟರೆ ಇನ್ನೊಂದು ದೀಪಾವಳಿಗೆ ಬಿಡಬಹುದು. ಮರಿ ಮಾಡಿ ಎದ್ದ ಹೇಂಟೆಯೂ ಗರಿ ಬದಲಿಸುವುದುಂಟು.

ಈ ಸಹಜ ಗರಿ ಬದಲಾವಣೆಗೆ ಮೂರು ಗುರುತುಗಳಿವೆ.

ಒಂದು: ಗರಿ ಉದುರುವುದಕ್ಕೆ ಒಂದು ಕ್ರಮ ಇರುತ್ತದೆ. ತಲೆ ಮತ್ತು ಕುತ್ತಿಗೆಯಿಂದ ಶುರುವಾಗಿ ಎದೆ, ಬೆನ್ನು, ರೆಕ್ಕೆ, ಕೊನೆಗೆ ಬಾಲ.

ಎರಡು: ಉದುರಿದ ಜಾಗದಲ್ಲಿ ಚರ್ಮ ನುಣ್ಣಗಿದ್ದು, ಮುಳ್ಳಿನ ಹಾಗೆ ಹೊಸ ಗರಿಯ ಮೊಳಕೆಗಳು ಕೈಗೆ ಸಿಗುತ್ತವೆ.

ಮೂರು: ಮೊಟ್ಟೆ ನಿಲ್ಲುತ್ತದೆ ಅಥವಾ ತೀರಾ ಕಮ್ಮಿಯಾಗುತ್ತದೆ.

ಈ ಮೂರೂ ಇದ್ದು, ಕೋಳಿ ಕಾಳು ತಿಂದು ಚುರುಕಾಗಿ ಓಡಾಡುತ್ತಿದ್ದರೆ ಹೆದರಬೇಕಾಗಿಲ್ಲ. 8ರಿಂದ 12 ವಾರದಲ್ಲಿ ಹೊಸ ಗರಿ ತುಂಬಿ ಮತ್ತೆ ಮೊಟ್ಟೆ ಶುರುವಾಗುತ್ತದೆ. ಗರಿ ಬಿಡುವ ಮುಂಚಿನ ಕೊನೆಯ ಕೆಲವು ಮೊಟ್ಟೆಗಳ ಸಿಪ್ಪೆ ತೆಳ್ಳಗಿರುವುದು, ಗರಿ ಬಂದ ಮೇಲಿನ ಮೊಟ್ಟೆಗಳ ಸಿಪ್ಪೆ ಮತ್ತೆ ಗಟ್ಟಿಯಾಗುವುದು ಕೂಡ ಸಹಜ.

ಇದರ ಉಲ್ಟಾ ಇದ್ದರೆ ಎಚ್ಚರ ಬೇಕು. ಗರಿ ಉದುರುತ್ತಿದೆ, ಆದರೂ ಎಂದಿನಂತೆ ಮೊಟ್ಟೆ ಇಡುತ್ತಿದೆ ಎಂದಾದರೆ ಅದು ಗರಿ ಬದಲಾವಣೆ ಆಗಿರುವ ಸಾಧ್ಯತೆ ಕಡಿಮೆ. ಆಗ ಹೇನು, ಹುಂಜ, ಜೊತೆ ಕೋಳಿಗಳ ಕುಕ್ಕು ಅಥವಾ ತಿನ್ನುವುದರ ಕೊರತೆ, ಇವುಗಳಲ್ಲಿ ಯಾವುದು ಎಂದು ಹುಡುಕಬೇಕು.

ಎರಡನೇ ಪ್ರಶ್ನೆ: ಯಾವ ಜಾಗ ಬೋಳಾಗಿದೆ?

ಗರಿ ಹೋದ ಜಾಗವೇ ಅರ್ಧ ಉತ್ತರ ಹೇಳುತ್ತದೆ.

ಬೆನ್ನಿನ ನಡುಭಾಗ ಮತ್ತು ತಲೆಯ ಹಿಂಬದಿ ಮಾತ್ರ ಬೋಳಾಗಿದ್ದರೆ ಅದು ಹುಂಜದ ಕೆಲಸ. ಹುಂಜ ಹತ್ತುವಾಗ ಉಗುರಿನಿಂದ ಬೆನ್ನು ಗೀರುತ್ತದೆ, ಕೊಕ್ಕಿನಿಂದ ತಲೆಯ ಗರಿ ಹಿಡಿಯುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಕೋಳಿ ಅಂಕಕ್ಕೆಂದೋ ಹರಕೆಗೆಂದೋ ನಾಲ್ಕು ಹೇಂಟೆಯ ನಡುವೆ ಮೂರು ಹುಂಜ ಬಿಟ್ಟ ಮನೆಗಳಲ್ಲಿ ಇದು ಜಾಸ್ತಿ. ಹುಂಜಗಳನ್ನು ಬೇರೆ ಕಟ್ಟಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎದೆಯ ಕೆಳಗೆ ಮಾತ್ರ ಗರಿ ಇಲ್ಲದಿದ್ದರೆ, ಕೋಳಿ ಗೂಡು ಬಿಟ್ಟು ಏಳುತ್ತಿಲ್ಲವಾದರೆ ಅದು ಕಾವಿಗೆ ಕೂತ ಹೇಂಟೆ. ಮೈಯ ಬಿಸಿ ನೇರ ಮೊಟ್ಟೆಗೆ ತಾಗಲೆಂದು ಎದೆಯ ಗರಿ ಹೋಗಿರುತ್ತದೆ. ಇದಕ್ಕೆ ಮದ್ದು ಬೇಡ.

ಬಾಲದ ಬುಡದಲ್ಲಿ, ಗುದದ್ವಾರದ ಸುತ್ತ ಗರಿ ಹೋಗಿ ಚರ್ಮ ಕೆಂಪಾಗಿದ್ದರೆ ಹೇನು ಅಥವಾ ಜೊತೆ ಕೋಳಿಗಳ ಕುಕ್ಕು. ಗರಿ ನಡುವಿನಲ್ಲಿ ತುಂಡಾಗಿದೆಯೇ, ಬುಡದಿಂದ ಕಿತ್ತು ರಕ್ತ ಬಂದಿದೆಯೇ ಎಂದು ನೋಡಬೇಕು. ರಕ್ತ ಕಂಡರೆ ಆ ಕೋಳಿಯನ್ನು ತಕ್ಷಣ ಬೇರೆ ಮಾಡಬೇಕು. ರಕ್ತದ ಬಣ್ಣ ಕಂಡರೆ ಉಳಿದ ಕೋಳಿಗಳು ಬಿಡುವುದಿಲ್ಲ, ಗಾಯ ದೊಡ್ಡದಾಗಿ ಕೋಳಿ ಸಾಯುವವರೆಗೂ ಕುಕ್ಕುತ್ತವೆ.

ಬೆಳಿಗ್ಗೆ ನೋಡುವಾಗ ಬಾಲದ ಗರಿ ಒಂದೇ ರಾತ್ರಿಯಲ್ಲಿ ಮಾಯವಾಗಿದ್ದರೆ ಕಾಡುಬೆಕ್ಕೋ ನಾಯಿಯೋ ಹಿಡಿಯಲು ಬಂದಿರಬೇಕು. ಹೆದರಿದ ಕೋಳಿ ಬಾಲದ ಗರಿಯನ್ನು ಹಾಗೆಯೇ ಬಿಟ್ಟುಕೊಟ್ಟು ತಪ್ಪಿಸಿಕೊಳ್ಳುತ್ತದೆ. ಇಲ್ಲಿ ಬೇಕಾಗಿರುವುದು ಗೂಡಿನ ಬಾಗಿಲಿಗೆ ಸರಿಯಾದ ಚಿಲಕ.

ಮರಿಯಾಗಿರುವಾಗಲೇ ಕುತ್ತಿಗೆ ಬೋಳಾಗಿದ್ದ ಕೋಳಿಗೆ ಯಾವ ಸೀಕೂ ಇಲ್ಲ. ಅದು ತಳಿಯ ಗುಣ. ಸೆಕೆ ತಡೆಯುವುದರಲ್ಲಿ ಈ ಬೋಳು ಕುತ್ತಿಗೆಯ ಕೋಳಿಗಳು ಒಂದು ಕೈ ಮೇಲೆಯೇ.

ಹೇನು ಹಗಲು ಸಿಗುತ್ತದೆ, ನುಸಿ ರಾತ್ರಿ

ಮಳೆಗಾಲದಲ್ಲಿ ಗರಿ ಹಾಳಾಗಲು ದೊಡ್ಡ ಕಾರಣ ಇವೆರಡು. ಎರಡನ್ನೂ ಒಂದೇ ಎಂದು ತಿಳಿದರೆ ಔಷಧ ಹಾಕಿಯೂ ಪ್ರಯೋಜನ ಆಗುವುದಿಲ್ಲ.

ಕೋಳಿ ಹೇನು ಹುಟ್ಟಿನಿಂದ ಸಾವಿನ ತನಕ ಕೋಳಿಯ ಮೈಯಲ್ಲೇ ಇರುತ್ತದೆ. ಹಗಲು ಹೊತ್ತಿನಲ್ಲಿ ಬಾಲದ ಬುಡ, ರೆಕ್ಕೆಯ ಅಡಿಯ ಗರಿಯನ್ನು ಬಿಡಿಸಿ ನೋಡಿದರೆ ಹುಲ್ಲು ಬಣ್ಣದ ಸಣ್ಣ ಹೇನುಗಳು ಓಡುವುದು ಕಾಣುತ್ತದೆ. ಗರಿಯ ಬುಡದಲ್ಲಿ ಬಿಳಿ ಹಿಟ್ಟು ಅಂಟಿಸಿದಂತೆ ಗಂಟು ಗಂಟಾಗಿ ಇರುವುದು ಅದರ ಮೊಟ್ಟೆ.

ಕೆಂಪು ನುಸಿ ಹಾಗಲ್ಲ. ಅದು ಹಗಲು ಗೂಡಿನ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಬಂದು ರಕ್ತ ಕುಡಿದು ಬೆಳಗಾಗುವ ಮೊದಲು ವಾಪಸ್ ಹೋಗುತ್ತದೆ. ಹಗಲು ಕೋಳಿಯ ಮೈ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಡಿಕೆ ಸಲಾಕೆ, ಹಳೆ ಹಲಗೆಗಳಿಂದ ಮಾಡಿದ ನಮ್ಮ ಗೂಡುಗಳಲ್ಲಿ ಸಂದಿಗಳಿಗೆ ಬರವಿಲ್ಲ, ನುಸಿಗೆ ಅದೇ ಅರಮನೆ. ಪರೀಕ್ಷೆ ಸುಲಭ. ಸಂಜೆ ಕೋಳಿ ಕೂರುವ ಕೋಲಿಗೆ ಬಿಳಿ ಬಟ್ಟೆಯ ತುಂಡು ಸುತ್ತಿ, ರಾತ್ರಿ ಹತ್ತು ಗಂಟೆ ನಂತರ ಟಾರ್ಚ್ ಹಾಕಿ ನೋಡಬೇಕು. ಬಟ್ಟೆಯ ಮೇಲೆ ಕೆಂಪು, ಬೂದು ಚುಕ್ಕೆಗಳು ಓಡಾಡುತ್ತಿದ್ದರೆ, ಒತ್ತಿದಾಗ ರಕ್ತದ ಕಲೆ ಬಿದ್ದರೆ ನುಸಿ ಖಚಿತ. ಕಾವಿನ ಗೂಡಿಗೆ ಕೈ ಹಾಕಿದವರಿಗೆ ಮೈಯೆಲ್ಲ ತುರಿಕೆ ಆಗುವುದು, ಸಂಜೆ ಕೋಳಿಗಳು ಗೂಡಿಗೆ ಹೋಗಲು ಹಿಂದೇಟು ಹಾಕುವುದು, ಜುಟ್ಟಿನ ಕೆಂಪು ಮಾಸಿ ಬಿಳಚಿಕೊಳ್ಳುವುದು ಕೂಡ ಇದರ ಲಕ್ಷಣ. ರಕ್ತ ಕಡಿಮೆಯಾದ ಕೋಳಿ ಮೊಟ್ಟೆಯನ್ನೂ ಕಡಿಮೆ ಮಾಡುತ್ತದೆ.

ಹಾಗಾಗಿ ಹೇನಿಗೆ ಕೋಳಿಯ ಮೈಗೆ ಚಿಕಿತ್ಸೆ, ನುಸಿಗೆ ಮುಖ್ಯವಾಗಿ ಗೂಡಿಗೆ ಚಿಕಿತ್ಸೆ. ಗೂಡಿನ ಹಳೆ ಹುಲ್ಲು, ತರಗೆಲೆ ತೆಗೆದು ಸುಡಬೇಕು. ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿಯಬೇಕು. ಖಾಲಿ ಬಿಟ್ಟರೆ ನುಸಿ ಸಾಯುತ್ತದೆ ಎಂದು ಗೂಡನ್ನು ಒಂದು ತಿಂಗಳು ಹಾಗೇ ಇಟ್ಟು ಪ್ರಯೋಜನ ಇಲ್ಲ, ಅದು ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಮೈಗೆ ಹಾಕುವ ಪುಡಿ ಅಥವಾ ದ್ರಾವಣ ಕೋಳಿಗೆಂದೇ ಇರುವುದಾಗಿರಬೇಕು, ಪಶು ವೈದ್ಯರನ್ನು ಕೇಳಿಯೇ ಹಾಕಬೇಕು. ಒಮ್ಮೆ ಹಾಕಿ ಬಿಟ್ಟರೆ ಸಾಲದು. ಮೊಟ್ಟೆಯೊಳಗಿನ ಹೇನಿಗೆ ಔಷಧ ತಾಗುವುದಿಲ್ಲ. ಅದು ಒಡೆದು ಮರಿ ಹೊರಬಂದ ಮೇಲೆ, ಅಂದರೆ 7ರಿಂದ 10 ದಿನ ಬಿಟ್ಟು, ಎರಡನೇ ಸಲ ಹಾಕಬೇಕು. ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಬೇಕು.

ಕಾಲಿನ ಪೊರೆಗಳು ಎದ್ದು, ಸುಣ್ಣ ಮೆತ್ತಿದ ಹಾಗೆ ದಪ್ಪವಾಗಿದ್ದರೆ ಅದು ಬೇರೊಂದು ಜಾತಿಯ ನುಸಿ. ಉಗುರು ಬಿಸಿ ಸೋಪು ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ತೆಂಗಿನೆಣ್ಣೆ ಹಚ್ಚಬೇಕು. ಎಣ್ಣೆಯ ಪದರದಡಿ ನುಸಿಗೆ ಉಸಿರು ಕಟ್ಟುತ್ತದೆ. ಕೆಲವು ವಾರ ಬಿಡದೆ ಮಾಡಬೇಕು. ಸೀಮೆಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆ.

ಬಚ್ಚಲೊಲೆಯ ಬೂದಿ ಎಸೆಯಬೇಡಿ

ಕೋಳಿ ಮಣ್ಣಿನಲ್ಲಿ ಹೊರಳಾಡುವುದು ಆಟಕ್ಕಲ್ಲ. ಒಣ ಧೂಳು ಗರಿಯ ಬುಡಕ್ಕೆ ಹೋಗಿ ಹೇನನ್ನು ಉದುರಿಸುತ್ತದೆ, ಅದು ಕೋಳಿಯ ಸ್ನಾನ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳದಲ್ಲಿ ಒಣ ಮಣ್ಣು ಎಲ್ಲಿಂದ? ನಾಲ್ಕು ತಿಂಗಳು ಕೋಳಿಗೆ ಸ್ನಾನವೇ ಇಲ್ಲ. ಮಳೆಗಾಲದಲ್ಲಿ ಹೇನು ಜಾಸ್ತಿ ಆಗುವುದರ ಒಂದು ಗುಟ್ಟು ಇದು.

ಪರಿಹಾರ ಮನೆಯಲ್ಲೇ ಇದೆ. ಸೂರಿನಡಿ ಅಥವಾ ಕೊಟ್ಟಿಗೆಯ ಮೂಲೆಯಲ್ಲಿ ಹಳೆ ಟಯರ್ ಇಟ್ಟು, ಬೇಸಿಗೆಯಲ್ಲೇ ಚೀಲದಲ್ಲಿ ಕಟ್ಟಿಟ್ಟ ಒಣ ಮಣ್ಣು ಮತ್ತು ಮರಳಿಗೆ ಬಚ್ಚಲೊಲೆಯ ಜರಡಿ ಹಿಡಿದ ಬೂದಿ ಬೆರೆಸಿ ತುಂಬಿಸಿದರೆ ಸಾಕು. ಬೂದಿ ಪೂರ್ತಿ ತಣ್ಣಗಾಗಿರಬೇಕು, ಒದ್ದೆ ಆಗಬಾರದು. ಒದ್ದೆ ಬೂದಿ ಚರ್ಮಕ್ಕೆ ಉರಿ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡವೇ ಬೇಡ.

ಗರಿಗೂ ತಿಂಡಿ ಬೇಕು

ಗರಿಯಲ್ಲಿ ಬಹುಪಾಲು, ಅಂದರೆ ಶೇ. 85ಕ್ಕೂ ಹೆಚ್ಚು, ಪ್ರೊಟೀನು. ಮೈಯೆಲ್ಲ ಹೊಸ ಗರಿ ಬರಬೇಕಾದರೆ ಪ್ರೊಟೀನು ಒಳಗೆ ಹೋಗಬೇಕು. ಕುಚ್ಚಲಕ್ಕಿ ಅನ್ನ, ನುಚ್ಚು, ತವುಡು ಮಾತ್ರ ಹಾಕಿದರೆ ಹೊಟ್ಟೆ ತುಂಬುತ್ತದೆ, ಗರಿ ತುಂಬುವುದಿಲ್ಲ. ಪ್ರೊಟೀನು, ಉಪ್ಪಿನಂಶ ಕಡಿಮೆಯಾದ ಕೋಳಿಗಳೇ ಪಕ್ಕದ ಕೋಳಿಯ ಗರಿ ಕಿತ್ತು ತಿನ್ನುವುದು. ಇಕ್ಕಟ್ಟಿನ ಗೂಡು ಅದಕ್ಕೆ ಒಗ್ಗರಣೆ. ಒಂದು ಕೋಳಿಗೆ ರಾತ್ರಿ ಉಳಿಯಲು ಎರಡರಿಂದ ಮೂರು ಚದರಡಿ ಜಾಗವಾದರೂ ಬೇಕು.

ಬೂತಾಯಿ, ಬಂಗುಡೆಯ ತಲೆ, ಮುಳ್ಳನ್ನು ಬೇಯಿಸಿ ಅನ್ನಕ್ಕೆ ಕಲಸಿ ಕೊಡಬಹುದು, ಪ್ರೊಟೀನೂ ಸುಣ್ಣದಂಶವೂ ಒಟ್ಟಿಗೆ ಸಿಗುತ್ತದೆ. ತೀರಾ ಜಾಸ್ತಿ ಹಾಕಿದರೆ ಮೊಟ್ಟೆ ಮೀನು ವಾಸನೆ ಬರುತ್ತದೆ. ಒಣಮೀನಿನ ಉಪ್ಪು ಕೋಳಿಗೆ, ಅದರಲ್ಲೂ ಮರಿಗಳಿಗೆ, ವಿಷಕ್ಕೆ ಸಮ, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸದೆ ಕೊಡಬಾರದು. ನೆಲಗಡಲೆ ಹಿಂಡಿ, ತೆಂಗಿನ ಹಿಂಡಿ, ತೋಟದ ಗೆದ್ದಲು ಇವೆಲ್ಲ ಒಳ್ಳೆಯದೇ. ಆದರೆ ಮಳೆಗಾಲದ ಹಿಂಡಿಯಲ್ಲಿ ಬೂಷ್ಟು ಕಂಡರೆ ಕೋಳಿಗೆ ಹಾಕದೆ ಗುಂಡಿಗೆ ಹಾಕಬೇಕು. ಬೂಷ್ಟಿನ ವಿಷ ಕೋಳಿಯ ಲಿವರ್ ಕೆಡಿಸುತ್ತದೆ, ಮೊಟ್ಟೆಯನ್ನೂ ಸಿಪ್ಪೆಯನ್ನೂ ಕಡಿಮೆ ಮಾಡುತ್ತದೆ.

ಸಿಪ್ಪೆಯ ಲೆಕ್ಕ: ಒಂದು ಮೊಟ್ಟೆಗೆ 15 ಕಿಲೋ ಅಕ್ಕಿ!

ಈಗ ಎರಡನೇ ದೂರಿಗೆ ಬರೋಣ. ಮೊಟ್ಟೆಯ ಸಿಪ್ಪೆಯಲ್ಲಿ ಶೇ. 94ರಷ್ಟು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಮರುವಾಯಿ ಚಿಪ್ಪಿನಲ್ಲಿ ಇರುವುದೂ ಅದೇ. ಒಂದು ಮೊಟ್ಟೆಯ ಸಿಪ್ಪೆಗೆ ಒಂದೂವರೆಯಿಂದ ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ಅಕ್ಕಿಯಲ್ಲಿ ಇರುವ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ ಮಾತ್ರ. ಬರೀ ಅಕ್ಕಿಯಿಂದಲೇ ಒಂದು ಸಿಪ್ಪೆಯ ಕ್ಯಾಲ್ಸಿಯಂ ಒದಗಬೇಕಾದರೆ 15ರಿಂದ 20 ಕಿಲೋ ಅಕ್ಕಿ ಬೇಕು! ಹೇಂಟೆ ದಿನಕ್ಕೆ ತಿನ್ನುವುದೇ 100 ಗ್ರಾಂ ಆಸುಪಾಸು.

ಹಾಗಾದರೆ ಇಷ್ಟು ದಿನ ಮೊಟ್ಟೆ ಹೇಗೆ ಬಂತು? ಕೋಳಿ ತನ್ನ ಎಲುಬಿನಿಂದ ಸಾಲ ತೆಗೆದು ಸಿಪ್ಪೆ ಕಟ್ಟುತ್ತದೆ. ಎಲುಬಿನ ಖಜಾನೆ ಖಾಲಿಯಾದಾಗ ಮೊದಲು ಸಿಪ್ಪೆ ತೆಳುವಾಗುತ್ತದೆ, ಆಮೇಲೆ ಸಿಪ್ಪೆಯೇ ಇಲ್ಲದ ತೊಗಲು ಮೊಟ್ಟೆ ಬೀಳುತ್ತದೆ, ಕೊನೆಗೆ ಹೇಂಟೆ ಕಾಲು ಎಳೆಯುತ್ತಾ ಕೂತುಬಿಡುತ್ತದೆ.

ತವುಡು ಜಾಸ್ತಿಯಾದರೆ ಇನ್ನೊಂದು ತೊಂದರೆ. ಅದರಲ್ಲಿರುವ ಒಂದು ಬಗೆಯ ರಂಜಕ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಮೈಗೆ ಸೇರದಂತೆ ಮಾಡುತ್ತದೆ.

"ಅಂಗಳದಲ್ಲಿ ಕೆದಕಿ ತಿನ್ನುವ ಕೋಳಿಗೆ ಎಲ್ಲ ಮಣ್ಣಿನಲ್ಲೇ ಸಿಗುತ್ತದಲ್ಲ" ಎಂಬ ಮಾತಿದೆ. ಹುಳ, ಹುಪ್ಪಟೆ, ಸೊಪ್ಪು ಸಿಗುವುದು ನಿಜ. ಸುಣ್ಣದಂಶ ಮಾತ್ರ ನಮ್ಮ ಮಣ್ಣಿನಲ್ಲಿ ಕಮ್ಮಿ. ಜಡಿಮಳೆ ವರ್ಷ ವರ್ಷ ತೊಳೆದು ತೊಳೆದು ಈ ಕೆಂಪು ಮುರಕಲ್ಲು ಮಣ್ಣು ಹುಳಿಯಾಗಿದೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಇದೇ ಕಾರಣಕ್ಕೆ. ತೋಟಕ್ಕೆ ಬೇಕಾದ್ದು ಅದೇ ತೋಟದಲ್ಲಿ ಮೇಯುವ ಕೋಳಿಗೂ ಬೇಕು, ಆದರೆ ರೂಪ ಬೇರೆ.

ಹಿಂದಿನ ಊರಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟು, ನಡುನಡುವೆ ಕಾವಿಗೆ ಕೂತು, ಎಲುಬಿನ ಸಾಲ ತೀರಿಸಿಕೊಳ್ಳುತ್ತಿತ್ತು. ಈಗ ಅನೇಕ ಮನೆಗಳಲ್ಲಿರುವುದು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ಅಥವಾ ಅಂಥದ್ದೇ ಸುಧಾರಿತ ತಳಿ. ಗಿರಿರಾಜ ವರ್ಷಕ್ಕೆ 140-150, ಸ್ವರ್ಣಧಾರ 180ರ ಮೇಲೆ ಮೊಟ್ಟೆ ಕೊಡುವ ತಳಿ. ಮೊಟ್ಟೆ ಎರಡು ಪಟ್ಟು, ತಿಂಡಿ ಮಾತ್ರ ಅಜ್ಜಿಯ ಕಾಲದ್ದೇ ಆದರೆ ಸಿಪ್ಪೆ ತೆಳುವಾಗದೆ ಇನ್ನೇನಾಗುತ್ತದೆ?

ಚಿಪ್ಪು ಕೊಡಿ, ಸಂಜೆ ಕೊಡಿ

ಪಶು ಆಹಾರದ ಅಂಗಡಿಗಳಲ್ಲಿ ಸಿಗುವ ಚಿಪ್ಪಿನ ತರಿ ಅಥವಾ ಸುಣ್ಣಕಲ್ಲಿನ ತರಿ ಇದಕ್ಕೆ ಸರಿಯಾದ ವಸ್ತು. ಅದು ಸಿಗದಿದ್ದರೆ ಮನೆಯಲ್ಲಿ ಮರುವಾಯಿ ಪದಾರ್ಥ ಮಾಡಿದ ದಿನ ಚಿಪ್ಪನ್ನು ಎಸೆಯದೆ ತೊಳೆದು, ಒಣಗಿಸಿ, ಕಾವಲಿಯಲ್ಲಿ ಹುರಿದು ಕುಟ್ಟಿ ಇಟ್ಟುಕೊಳ್ಳಬಹುದು. ನುಣ್ಣಗೆ ಪುಡಿ ಮಾಡಬೇಡಿ. ಗೋಧಿ ಕಾಳಿನಷ್ಟು ತರಿ ಇದ್ದರೆ ಅದು ಕೋಳಿಯ ಹೊಟ್ಟೆಯಲ್ಲಿ ಉಳಿದು ನಿಧಾನವಾಗಿ ಕರಗುತ್ತದೆ.

ಇದಕ್ಕೆ ಕಾರಣ ಇದೆ. ಸಿಪ್ಪೆ ಕಟ್ಟಲು ಕೋಳಿಗೆ ಸುಮಾರು 20 ಗಂಟೆ ಬೇಕು, ಹೆಚ್ಚಿನ ಕೆಲಸ ನಡೆಯುವುದು ರಾತ್ರಿ. ಬೆಳಿಗ್ಗೆ ಕೊಟ್ಟ ಪುಡಿ ಸಂಜೆಗೆ ಹೊರಗೆ ಹೋಗಿರುತ್ತದೆ. ಸಂಜೆ ತಿಂದ ತರಿ ರಾತ್ರಿಯಿಡೀ ಒದಗುತ್ತದೆ. ಬೇರೆಯೇ ಚಿಪ್ಪಿನಲ್ಲಿ ಅಥವಾ ಗೆರಟೆಯಲ್ಲಿ ಹಾಕಿಟ್ಟರೆ ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟೇ ತಿನ್ನುತ್ತದೆ. ಮರಿಗಳ ಆಹಾರಕ್ಕೆ ಬೆರೆಸಬಾರದು, ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಕೆಟ್ಟದ್ದು.

ಮೊಟ್ಟೆ ಸಿಪ್ಪೆಯನ್ನೂ ಹುರಿದು ಕುಟ್ಟಿ ಕೊಡಬಹುದು. ಹಸಿಯಾಗಿ, ಮೊಟ್ಟೆಯ ಆಕಾರ ಉಳಿಯುವಂತೆ ಎಸೆದರೆ ಕೋಳಿ ಮೊಟ್ಟೆ ಕುಕ್ಕಿ ತಿನ್ನುವ ಚಾಳಿ ಕಲಿಯುತ್ತದೆ. ಸಿಪ್ಪೆ ಮಾತ್ರ ನೆಚ್ಚಿಕೊಂಡರೂ ಸಾಲದು. ತಿಂದದ್ದರಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಹಿಡಿಯುತ್ತದೆ, ಪೇಟೆಗೆ ಮಾರಿದ ಮೊಟ್ಟೆಯ ಸಿಪ್ಪೆಯಂತೂ ವಾಪಸ್ ಬರುವುದಿಲ್ಲ.

ಎರಡು ವಸ್ತು ಬೇಡ. ಒಂದು, ಎಲೆಗೆ ಹಚ್ಚುವ ಸುಣ್ಣ, ಬೋರ್ಡೋಗೆ ತಂದ ಸುಟ್ಟ ಸುಣ್ಣ. ಇದು ಬಾಯಿ, ಅನ್ನನಾಳ ಸುಡುತ್ತದೆ. ಎರಡು, ಮುರಕಲ್ಲಿನ ಹರಳು. ಅದು ಕಾಳು ಅರೆಯಲು ಸಹಾಯ ಮಾಡುತ್ತದೆ, ಕ್ಯಾಲ್ಸಿಯಂ ಕೊಡುವುದಿಲ್ಲ.

ತರಿ ಕೊಡಲು ಶುರು ಮಾಡಿದ ಮೇಲೆ ಎರಡು ಮೂರು ವಾರ ಕಾಯಬೇಕು. ಅಷ್ಟರಲ್ಲಿ ಸಿಪ್ಪೆ ಗಟ್ಟಿಯಾದರೆ ಕೊರತೆಯೇ ಕಾರಣ ಎಂದಾಯಿತು. ಆಗದಿದ್ದರೆ ಕಾರಣ ಬೇರೆ ಇದೆ.

ಸಿಪ್ಪೆಯೇ ಹೇಳುವ ಕಥೆ

ಯಾವ ಕೋಳಿಯ ಮೊಟ್ಟೆ, ಒಂದರದ್ದೋ ಎಲ್ಲದರದ್ದೋ ಎಂದು ಗೊತ್ತು ಮಾಡಿಕೊಂಡರೆ ಅರ್ಧ ದಾರಿ ಸುಗಮ.

ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಯ ಮೊದಲ ಕೆಲವು ಮೊಟ್ಟೆ ಮೆತ್ತಗಿದ್ದರೆ ಚಿಂತೆ ಬೇಡ, ತಾನಾಗಿ ಸರಿಯಾಗುತ್ತದೆ. ಒಂದು ಮುದಿ ಹೇಂಟೆಯದ್ದು ಮಾತ್ರ ತೆಳುವಾಗಿದ್ದರೆ ಅದು ವಯಸ್ಸು. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಸಿಪ್ಪೆಯ ಸಾಮಗ್ರಿ ಮಾತ್ರ ಅಷ್ಟೇ. ಮೊಟ್ಟೆ ಫಾರ್ಮ್‌ಗಳು ಹೊರಹಾಕಿದ ಹಳೆ ಕೋಳಿಯನ್ನು ಕಡಿಮೆ ರೇಟಿಗೆ ಸಿಕ್ಕಿತೆಂದು ತಂದವರಿಗೆ ಬೋಳು ಮೈ, ತೆಳು ಸಿಪ್ಪೆ ಎರಡೂ ಒಟ್ಟಿಗೆ ಸಿಗುತ್ತದೆ.

ಮಾರ್ಚ್‌ನಿಂದ ಮೇ ತನಕ ಎಲ್ಲ ಕೋಳಿಗಳ ಸಿಪ್ಪೆಯೂ ತೆಳುವಾದರೆ ಅದು ಸೆಕೆಯ ಪರಿಣಾಮ. ಕೋಳಿಗೆ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಾಗೆ ಮಾಡುವಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗುತ್ತದೆ. ಸಿಪ್ಪೆಯ ಕಾರ್ಬೊನೇಟ್ ಆಗಬೇಕಾದ್ದು ಅದೇ. ಮೇಲಾಗಿ ತಿಂಡಿಯನ್ನೂ ಕಡಿಮೆ ಮಾಡುತ್ತದೆ. ನೆರಳು, ತಣ್ಣೀರು, ಬೆಳಿಗ್ಗೆ ಬೇಗ ಮತ್ತು ಸಂಜೆ ತಡವಾಗಿ ತಿಂಡಿ ಇದಕ್ಕೆ ಪರಿಹಾರ.

ಮಳೆಗಾಲದಲ್ಲಿ ವಾರಗಟ್ಟಲೆ ಗೂಡಿನಲ್ಲೇ ಕೂಡಿ ಹಾಕಿದ ಕೋಳಿಗೆ ಬಿಸಿಲು ಸಿಗದೆ ಡಿ ವಿಟಮಿನ್ ಕಡಿಮೆಯಾಗುತ್ತದೆ. ಅದು ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹಿಡಿಯುವುದಿಲ್ಲ. ಮಳೆ ಬಿಟ್ಟ ಕೂಡಲೇ ಹೊರಗೆ ಬಿಡಬೇಕು.

ಮೈಯೆಲ್ಲ ಸುಕ್ಕು, ಗೆರೆ, ಆಕಾರ ಕೆಟ್ಟ ಮೊಟ್ಟೆ, ಒಡೆದಾಗ ಬಿಳಿ ಲೋಳೆ ನೀರಿನಂತೆ ಹರಡುವುದು, ಜೊತೆಗೆ ಕೋಳಿಗಳು ಸೀನುವುದು ಕಂಡರೆ ಶ್ವಾಸಕೋಶದ ವೈರಸ್ ರೋಗದ ಸಂಶಯ ಬೇಕು. ಕೋಳಿಗಳು ಆರೋಗ್ಯವಾಗಿಯೇ ಕಾಣುತ್ತವೆ, ಆದರೆ ಕಂದು ಮೊಟ್ಟೆ ಮಾಸಿ ಬಿಳಿಯಾಗುತ್ತಾ ಹಲವು ಕೋಳಿಗಳು ಒಟ್ಟಿಗೆ ಸಿಪ್ಪೆಯಿಲ್ಲದ ಮೊಟ್ಟೆ ಇಡುತ್ತವೆ ಎಂದಾದರೆ ಅದು 1976ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಮೊದಲು ಗುರುತಿಸಿದ, ಬಾತುಕೋಳಿಗಳಿಂದಲೂ ಹರಡಬಲ್ಲ ಇನ್ನೊಂದು ವೈರಸ್ ಇರಬಹುದು. ಇವೆರಡನ್ನೂ ಮನೆಯಲ್ಲಿ ಖಚಿತ ಮಾಡಲು ಆಗುವುದಿಲ್ಲ, ವೈದ್ಯರೇ ಬೇಕು.

ಕೊಕ್ಕರೆ ರೋಗ: ಕಾಯುವಂತಿಲ್ಲ

ತೊಗಲು ಮೊಟ್ಟೆಯ ಜೊತೆಗೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚುವುದು, ಒಂದರ ಹಿಂದೆ ಒಂದು ಸಾಯುವುದು ಕಂಡರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು. ಬಂದ ಮೇಲೆ ಇದಕ್ಕೆ ಔಷಧ ಇಲ್ಲ, ಮುಂಚೆ ಹಾಕಿಸಿದ ಲಸಿಕೆಯೇ ರಕ್ಷೆ. ಮರಿಗೆ 5ರಿಂದ 7ನೇ ದಿನದಲ್ಲಿ ಕಣ್ಣಿಗೆ ಹನಿ, 8ನೇ ವಾರದ ಹೊತ್ತಿಗೆ ಇಂಜೆಕ್ಷನ್ ಎಂಬುದು ಸಾಮಾನ್ಯ ಕ್ರಮ.

ಇಲ್ಲಿ ಹಳ್ಳಿಯ ಮನೆಗಳಿಗೆ ಒಂದು ತೊಡಕಿದೆ. ಲಸಿಕೆಯ ಬಾಟ್ಲಿ ಬರುವುದು ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳ ಲೆಕ್ಕದಲ್ಲಿ. ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಷ್ಟೂ ಹೊತ್ತು ಐಸ್‌ನಲ್ಲಿ ಇರಬೇಕು. ಎಂಟು ಕೋಳಿ ಇರುವವರು "ನಮಗೆಂತಕ್ಕೆ ಅಷ್ಟು" ಎಂದು ಬಿಟ್ಟುಬಿಡುತ್ತಾರೆ. ರೋಗ ಬಂದಾಗ ಬೈಲಿನ ಅಷ್ಟೂ ಮನೆಯ ಗೂಡು ಖಾಲಿ. ಹತ್ತು ಮನೆಯವರು ಅಥವಾ ಒಂದು ಸ್ವಸಹಾಯ ಗುಂಪಿನವರು ಸೇರಿ ಒಂದು ದಿನ ನಿಗದಿ ಮಾಡಿ ಪಶು ಆಸ್ಪತ್ರೆಯವರನ್ನು ಕೇಳಿಕೊಂಡರೆ ಖರ್ಚು ಒಂದು ಕೋಳಿಗೆ ಕೆಲವೇ ರೂಪಾಯಿ.

ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟು, ಹೇನು, ಸೀನು, ಭೇದಿ ಇಲ್ಲ ಎಂದು ನೋಡಿ ಆಮೇಲೆ ಗುಂಪಿಗೆ ಬಿಡಬೇಕು. ಹಲವು ಕೋಳಿ ಒಟ್ಟಿಗೆ ಸತ್ತರೆ ತೋಡಿಗೆ ಎಸೆಯುವುದು, ಉಳಿದದ್ದನ್ನು ಗಡಿಬಿಡಿಯಲ್ಲಿ ಮಾರುವುದು ಎರಡೂ ತಪ್ಪು. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಆಳ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಪಶು ಸಂಜೀವಿನಿ ಸೇವೆಯ 1962 ಸಂಖ್ಯೆಗೂ ಕರೆ ಮಾಡಬಹುದು.

ಬೋರ್ಡೋ ಹೊಡೆಯುವ ದಿನ

ಅಡಿಕೆ ತೋಟದ ಊರಿನಲ್ಲಿ ಕೋಳಿಗೆ ಇನ್ನೊಂದು ಅಪಾಯ ಇದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕುತ್ತಾರೆ. ಮೈಲುತುತ್ತು ಕೋಳಿಗೆ ವಿಷ. ಡ್ರಮ್ ತೊಳೆದ ನೀರು ಅಂಗಳದ ಗುಂಡಿಯಲ್ಲಿ ನಿಂತರೆ ಕೋಳಿ ಕುಡಿಯುತ್ತದೆ. ಹೊಡೆಯುವ ದಿನ ಕೋಳಿಗಳನ್ನು ಬಿಡದೆ, ಗೂಡಿನೊಳಗೇ ಒಳ್ಳೆ ನೀರು ಇಡುವುದು ಒಳಿತು. ಕಳೆನಾಶಕ, ಕೀಟನಾಶಕದ ವಿಷಯದಲ್ಲೂ ಇದೇ ಮಾತು.

ಅಂಗಡಿಯವರಿಗೂ ಒಂದು ಮಾತು

"ಕೋಳಿ ಫೀಡ್ ಕೊಡಿ" ಎಂದು ಬಂದವರಿಗೆ ಅಂಗಡಿಯವರು ಒಂದು ಪ್ರಶ್ನೆ ಕೇಳಿದರೆ ದೊಡ್ಡ ಉಪಕಾರ: "ಮಾಂಸಕ್ಕೋ, ಮೊಟ್ಟೆಗೋ, ಮರಿಗೋ?" ಬ್ರಾಯ್ಲರ್ ಮತ್ತು ಮರಿಗಳ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 1ರ ಆಸುಪಾಸು. ಮೊಟ್ಟೆ ಕೋಳಿಯ ಲೇಯರ್ ಆಹಾರದಲ್ಲಿ ಶೇ. 3.5ರಿಂದ 4. ಬಿಡಿಯಾಗಿ ತೂಗಿ ಕೊಡುವಾಗ ಎರಡೂ ನೋಡಲು ಒಂದೇ ತರ. ಮೊಟ್ಟೆ ಕೋಳಿಗೆ ಬ್ರಾಯ್ಲರ್ ಆಹಾರ ಹೋದರೆ ಸಿಪ್ಪೆ ತೆಳು, ಮರಿಗೆ ಲೇಯರ್ ಆಹಾರ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುವುದು, ತಯಾರಾದ ತಾರೀಕು ನೋಡಿ ಹಳೆಯದನ್ನು ಮೊದಲು ಖಾಲಿ ಮಾಡುವುದು, ಮಳೆಗಾಲದಲ್ಲಿ ಸ್ಟಾಕ್ ಕಡಿಮೆ ತರಿಸುವುದು ಒಳ್ಳೆಯದು. ಹತ್ತು ಕಿಲೋ ಚಿಪ್ಪಿನ ತರಿ ಅಂಗಡಿಯಲ್ಲಿದ್ದರೆ ಊರಿನ ಎಷ್ಟೋ ಗೂಡುಗಳಿಗೆ ಅದೇ ಮದ್ದು.

ಊರ ಮೊಟ್ಟೆ ಕೊಳ್ಳುವ ಅಂಗಡಿ, ಹೋಟೆಲಿನವರು ಬಿರುಕು ಬಿಟ್ಟ ಮೊಟ್ಟೆಯನ್ನು ಬೇರೆ ಇಡಬೇಕು. ಸಿಪ್ಪೆ ಮೊಟ್ಟೆಯ ಬೇಲಿ ಇದ್ದ ಹಾಗೆ, ಬೇಲಿ ಮುರಿದ ಮೇಲೆ ರೋಗಾಣು ಒಳಗೆ ಹೋಗುತ್ತದೆ. ಆಗಷ್ಟೇ ಬಿರುಕಾದ ಮೊಟ್ಟೆಯನ್ನು ಅದೇ ದಿನ ಚೆನ್ನಾಗಿ ಬೇಯಿಸಿ ತಿನ್ನಬಹುದು. ಹಸಿಯಾಗಿ, ಅರೆಬೆಂದ ಹಾಗೆ ಯಾರಿಗೂ ಕೊಡಬಾರದು.

ಒಂದು ವಾರದ ಪತ್ತೆದಾರಿ

ಗೊಂದಲ ಆದವರು ಈ ಕ್ರಮದಲ್ಲಿ ನೋಡಿಕೊಂಡು ಹೋಗಬಹುದು.

ಮೊದಲ ದಿನ ಕೋಳಿಯನ್ನು ಹಿಡಿದು ಬೋಳಾದ ಜಾಗ, ಹೊಸ ಗರಿಯ ಮೊಳಕೆ, ಹೇನು, ಕಾಲು, ಜುಟ್ಟಿನ ಬಣ್ಣ ನೋಡಬೇಕು.

ಅದೇ ರಾತ್ರಿ ಗೂಡಿನಲ್ಲಿ ಬಿಳಿ ಬಟ್ಟೆ, ಟಾರ್ಚ್ ಪರೀಕ್ಷೆ.

ಎರಡನೇ ದಿನದಿಂದ ಯಾವ ಹೇಂಟೆ ಎಷ್ಟು ಮೊಟ್ಟೆ ಇಟ್ಟಿತು, ಸಿಪ್ಪೆ ಹೇಗಿತ್ತು ಎಂದು ಕ್ಯಾಲೆಂಡರಿನಲ್ಲಿ ಗುರುತು.

ಅಂದಿನಿಂದಲೇ ಸಂಜೆ ಚಿಪ್ಪಿನ ತರಿ, ಸೂರಿನಡಿ ಬೂದಿ ಮಣ್ಣಿನ ಟಯರ್.

ವಾರದ ಕೊನೆಗೆ ಲೆಕ್ಕ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊಟ್ಟೆ ನಿಂತು ಮೊಳಕೆ ಗರಿ ಬಂದಿದ್ದರೆ ಗರಿ ಬದಲಾವಣೆ, ಕಾಯಬೇಕು. ಹೇನು, ನುಸಿ ಸಿಕ್ಕಿದರೆ ಅದಕ್ಕೆ ಚಿಕಿತ್ಸೆ. ಎರಡೂ ಇಲ್ಲದೆ ಸಿಪ್ಪೆ ಮಾತ್ರ ತೆಳುವಾಗಿದ್ದರೆ ತರಿಗೆ ಎರಡು ಮೂರು ವಾರದ ಸಮಯ. ಸೀನು, ಭೇದಿ, ಸಾವು ಇದ್ದರೆ ವಾರ ಕಾಯದೆ ಅದೇ ದಿನ ಪಶು ಆಸ್ಪತ್ರೆ. ಹೋಗುವಾಗ ಕ್ಯಾಲೆಂಡರಿನ ಗುರುತು ಮತ್ತು ಒಂದೆರಡು ಮೊಟ್ಟೆ ಜೊತೆಗಿದ್ದರೆ ವೈದ್ಯರಿಗೂ ಸಲೀಸು.

ಬೋಳಾದ ಹೇಂಟೆಯನ್ನು ಕಂಡ ಕೂಡಲೇ ಕತ್ತಿ ಹುಡುಕುವ ಬದಲು ಮೊದಲು ಅದರ ಚರ್ಮದ ಮೇಲೆ ಬೆರಳಾಡಿಸಿ ನೋಡಬೇಕು. ಮುಳ್ಳಿನಂಥ ಹೊಸ ಗರಿ ಕೈಗೆ ತಾಗಿದರೆ, ಇನ್ನು ಕೆಲವೇ ವಾರಗಳಲ್ಲಿ ಅದು ಮತ್ತೆ ಗೂಡಿನ ಮೂಲೆ ಹುಡುಕಿಕೊಂಡು ಹೋಗಲಿದೆ ಎಂದು ಅರ್ಥ.